ಗಂಟೆ ಹೊಡೆಯುವ ಮೊದಲು

ಎರಡು ರೇಡಿಯೋ ಸಂಪರ್ಕಗಳಲ್ಲಿ ಒಂದನ್ನು ಆರಿಸಿ ಎಂದು ನಮ್ಮ ಸಮಿತಿಗೆ ಹೇಳಿ ಮೂರು ವರ್ಷವಾಯಿತು. ಚಪ್ಪಲಿ ಕೊಳ್ಳುವವರೂ ಇಷ್ಟು ಸತಾಯಿಸುವುದಿಲ್ಲ. ಮುಂದೆ ಯಾರೋ ರಸ್ತೆ ದಾಟುತ್ತಿದ್ದಾರೆ ಎಂಬ ಸುದ್ದಿ ತಾನಾಗಿ ಓಡುವ ಬಸ್ಸಿಗೆ ಹೇಗೆ ಮುಟ್ಟಬೇಕು? ರಸ್ತೆಬದಿಯ ಪೆಟ್ಟಿಗೆಯಿಂದ ನೇರವಾಗಿಯೋ, ಮೊಬೈಲ್ ಟವರಿನ ಮೂಲಕ ಸುತ್ತಿಕೊಂಡೋ? ನೇರವಾದರೆ ತಿರುವು ತಿರುವಿಗೂ ಪೆಟ್ಟಿಗೆ ನೆಡಬೇಕು, ಟವರ್ ಹೇಗೂ ಇದೆ. ಸಮಿತಿಯ ನಿರ್ದೇಶಕರಿಗೆ ಟವರಿನ ಮೇಲೆ ಮನಸ್ಸು. ನನಗೆ ಯಾವುದರ ಮೇಲೂ ಮನಸ್ಸು ಉಳಿದಿರಲಿಲ್ಲ. ಸಹಿ ಹಾಕಿ ಕೈತೊಳೆದುಕೊಂಡರೆ ಸಾಕಾಗಿತ್ತು.

ಪರೀಕ್ಷೆಯ ಬಸ್ಸಿನ ಚಾಲಕಿ ನನ್ನ ಒಡಹುಟ್ಟಿದ ಅಕ್ಕ. ಓಡಿಸುವ ಹಾಗಿಲ್ಲ, ಕೈಗಳನ್ನು ಮೊಣಕಾಲ ಮೇಲಿಟ್ಟು ಕೂತಿರಬೇಕು. ಸುದ್ದಿ ಮುಟ್ಟಿದೊಡನೆ ಬಸ್ಸಿನಲ್ಲಿ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ, ಬಸ್ಸು ತಾನೇ ನಿಲ್ಲುತ್ತದೆ. ಅದಕ್ಕೂ ಮೊದಲೇ ಅವಳು ಬ್ರೇಕ್ ಒತ್ತಿದರೆ ಆ ಓಟಕ್ಕೆ ‘ಚಾಲಕರ ಆತುರ’ ಎಂದು ಹೆಸರಿಟ್ಟು, ಲೆಕ್ಕದಿಂದ ಬಿಟ್ಟು, ಮತ್ತೆ ಓಡಿಸುತ್ತಿದ್ದೆವು.

ನಿನ್ನೆ ಊಟಕ್ಕೆ ಕೂತಾಗ ಅಕ್ಕ ತಲೆ ತಗ್ಗಿಸಿ ಹೇಳಿದಳು, “ಇನ್ನೊಂದ್ಸಲ ಆತುರ ಮಾಡಿದ್ರೆ ಸೀಟಿಂದ ಇಳಿಸ್ತಾರಂತೆ. ಓಟದ ದಾರೀಲಿರೋ ಆ ಶಾಲೆ ಹತ್ರ ಬಂದ್ರೆ ನನ್ ಕಾಲು ಮಾತು ಕೇಳಲ್ಲ ಕಣೇ. ವಯಸ್ಸಾಯ್ತೇನೋ.”

“ಯಾವಾಗ್ಲೂ ಅಲ್ಲೇನಾ?”

“ಶಾಲೆ ಬಿಡೋ ಹೊತ್ತಲ್ಲಿ.”

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ. ಆ ಹೊತ್ತಿಗೆ ಗೇಟಿನ ಮುಂದೆ ಕಾಯುವ ಅಪ್ಪ ಅಮ್ಮಂದಿರ ಫೋನುಗಳೆಲ್ಲ ಅದೇ ಟವರಿಗೆ ಜೋತುಬಿದ್ದಿರುತ್ತವೆ. ನಮ್ಮ ಸುದ್ದಿ ಆ ನೂಕುನುಗ್ಗಲಲ್ಲಿ ತಡವಾಗುತ್ತಿತ್ತು. ತಡವಾದ ಓಟಗಳನ್ನೆಲ್ಲ ಅಕ್ಕನ ತಲೆಗೆ ಕಟ್ಟಿ ಎಸೆದಿದ್ದೆವು. ಉಳಿದ ಓಟಗಳಲ್ಲಿ ಟವರ್ ಚೆನ್ನಾಗಿ ಕಾಣದೆ ಇನ್ನೇನು?

“ನಾಳೆ ಟವರಿಂದು ಕೊನೇ ಓಟ. ಏನೇ ಆದ್ರೂ ಒತ್ಬೇಡ ಅಕ್ಕ. ಅಡ್ಡ ಬರೋದು ಬರೀ ಗೊಂಬೆ,” ಎಂದೆ. ಒತ್ತದಿದ್ದರೆ ಟವರಿನ ತಪ್ಪು ಲೆಕ್ಕಕ್ಕೆ ಬರುತ್ತದೆ, ಅಕ್ಕನ ಸೀಟೂ ಉಳಿಯುತ್ತದೆ.

ಇವತ್ತು ಹಟ ಹಿಡಿದು ಓಟವನ್ನು ಶಾಲೆ ಬಿಡುವ ಹೊತ್ತಿಗೇ ಇಡಿಸಿದೆ. ಶಾಲೆಯ ಹಿಂದಿನ ರಸ್ತೆಗೆ ಎರಡೂ ಕಡೆ ಬೇಲಿ ಹಾಕಿ, ಬಸ್ಸನ್ನು ನಿಧಾನಕ್ಕೆ ಬಿಟ್ಟರು. ನಿರ್ದೇಶಕರೂ ನಾನೂ ಅಕ್ಕನ ಹಿಂದಿನ ಸೀಟಿನಲ್ಲಿ ಕೂತೆವು.

ಹಗ್ಗಕ್ಕೆ ಕಟ್ಟಿದ ಗೊಂಬೆ ಅಡ್ಡ ಬಂತು. ಮಗುವಿನಷ್ಟೇ ಎತ್ತರ. ಯಾರೋ ಅದಕ್ಕೊಂದು ಕೆಂಪು ಟೋಪಿ ಬೇರೆ ಹಾಕಿದ್ದರು. ಅಕ್ಕನ ಬಲಗಾಲು ಬ್ರೇಕಿನತ್ತ ಎದ್ದಿತು. ಅವಳು ಎರಡೂ ಕೈಯಿಂದ ತೊಡೆಯನ್ನು ಅದುಮಿ ಹಿಡಿದಳು. ಗಂಟೆ ಹೊಡೆಯಲಿಲ್ಲ. ಧಡ್ ಎಂದು ಸದ್ದಾಯಿತು. ಆಮೇಲೆ ಗಂಟೆ ಹೊಡೆಯಿತು, ಬಸ್ಸು ನಿಂತಿತು.

ನಿರ್ದೇಶಕರು ಎದ್ದು ಬಗ್ಗಿ, ರಸ್ತೆಗೆ ಬಿದ್ದ ಟೋಪಿಯನ್ನು ನೋಡಿದರು. “ಹಿಂದೆ ಲೆಕ್ಕದಿಂದ ಬಿಟ್ಟಿದ್ದೂ ಇದೇ ಥರದ ಓಟಗಳಾ?”

“ಹೌದು ಸರ್. ಅದನ್ನೆಲ್ಲ ಸೇರಿಸಿ ನೋಡಿ.”

“ಬೇಡ, ಇಷ್ಟು ಸಾಕು. ವರದೀಲಿ ನೇರದ್ದನ್ನೇ ಬರೀರಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ನಿಮ್ಮಕ್ಕ ಸೀಟಲ್ಲೇ ಇರ್ಲಿ.”

ಮೂರು ವರ್ಷದ ಹೊರೆ ಇಳಿದಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಅಕ್ಕ ಇನ್ನೂ ತೊಡೆ ಬಿಟ್ಟಿರಲಿಲ್ಲ. ನಾನು ಹೋಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

“ಮುಗೀತು ಅಕ್ಕ. ಸೀಟು ನಿಂದೇ.”

“ಗೊಂಬೆ ಅಂತ ನಂಗೊತ್ತಿತ್ತು,” ಎಂದಳು. “ಕಾಲಿಗೆ ಗೊತ್ತಿರ್ಲಿಲ್ಲ. ನಾಳೆಯಿಂದ ಬೇರೆ ಯಾರನ್ನಾದ್ರೂ ಕೂರಿಸ್ಕೋ.”