ಮಂಗ್ಯಾನ ಕೈಯಾಗಿನ ಕಡೀ ಹಾಳಿ

ಒಂಬತ್ತನೇ ಇಯತ್ತೆ ಮುಗಿಸಿದ ದುಂಡೇಶ ಸೂಟಿ ಬಿಟ್ಟ ಮರುದಿನವೇ ನವನಗರದಿಂದ ಬಾದಾಮಿಗೆ, ಆಯಿ ಸಕ್ರವ್ವನ ಮನೆಗೆ ಓಡಿಬಂದಿದ್ದ. ಆದರೆ ಅವನ ಅಪ್ಪ ದುರ್ಗಪ್ಪ ಬಸ್ ಹತ್ತಿಸುವಾಗ ಬಾಲಕ್ಕೆ ಡಬ್ಬಿ ಕಟ್ಟಿದ ಹಾಗೆ ಒಂದು ಶರ್ತು ಕಟ್ಟಿಯೇ ಕಳಿಸಿದ್ದ. ಪಾಠದ್ದಲ್ಲದ ಒಂದು ಪುಸ್ತಕ ಪೂರ್ತಿ ಓದಬೇಕು, ಐತವಾರ ತಾನು ಬಂದಾಗ ಅದರ ಕಥೆ ಹೇಳಬೇಕು. ಹೇಳಿದರೆ ಸೂಟಿ ಮುಗಿಯುವ ತನಕ ಬಾದಾಮಿಯಲ್ಲೇ ಕುಣಿದಾಡಲಿ. ಇಲ್ಲದಿದ್ದರೆ ಸೋಮವಾರದಿಂದ ಊರಿಗೆ ಮರಳಿ ವಿದ್ಯಾಗಿರಿಯ ಕೋಚಿಂಗ್ ಕ್ಲಾಸು. ಬೆಳಿಗ್ಗೆ ಗಣಿತ, ಮಧ್ಯಾಹ್ನ ವಿಜ್ಞಾನ, ಸಂಜೆಗೆ ಮತ್ತೆ ಗಣಿತ.

ಸಕ್ರವ್ವ ಮಾತ್ರ ಮೊಮ್ಮಗನಿಗೆ ಓದು ಅಂತ ಒಂದು ಮಾತೂ ಅನ್ನಲಿಲ್ಲ. ಟ್ರಂಕಿನ ತಳದಿಂದ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಪುಸ್ತಕ ತೆಗೆದು, ಧೂಳು ಜಾಡಿಸಿ, ಗೋಡೆಯ ಮಾಡದಲ್ಲಿಟ್ಟು ರೊಟ್ಟಿ ಬಡಿಯಲು ಹೋದಳು. ಹೊಲಿಗೆಯ ದಾರ ಸಡಿಲಾದ ಪುಸ್ತಕ. ಹೆಸರು ‘ಟಪಾಲ ಗಾಡಿ ಗಂಗಿ’.

ದುಂಡೇಶ ಮೊದಲು ಫೋನಿನಲ್ಲಿ ಹುಡುಕಿದ. ಯಾರಾದರೂ ಪುಣ್ಯಾತ್ಮರು ಆ ಕಥೆಯನ್ನು ಚುಟುಕಾಗಿ ಹೇಳಿರಬಹುದು ಅಂತ ಆಸೆ. ಫೋನಿಗೆ ಗಂಗಿಯ ಗುರುತೇ ಇರಲಿಲ್ಲ. ಕಡೆಗೆ ಅದೇ ಮನೆಯಲ್ಲಿರುವ ಸೋದರತ್ತೆಯ ಮಗಳು ವಿದ್ಯಾಳ ಕಾಲು ಹಿಡಿದ. ವಿದ್ಯಾ ವಯಸ್ಸಿನಲ್ಲಿ ಅವನಿಗಿಂತ ಸಣ್ಣವಳು, ನಾಲಿಗೆಯಲ್ಲಿ ಹಿರಿಯಳು.

“ನೀ ಓದಿ ಹೇಳು, ನಾ ಕೇಳ್ತೇನಿ” ಅಂದ.

“ಕಿವಿ ಅರ ನಿನ್ನವs ಅದಾವೋ, ಅವನೂ ನಾನs ಕೊಡ್ಬೇಕೋ?” ಅಂದಳು. ದಿನಕ್ಕೊಂದು ಮಾವಿನಹಣ್ಣಿನ ಐಸ್ ಕ್ಯಾಂಡಿಗೆ ಒಪ್ಪಂದವಾಯಿತು.

ಅವಳು ದಿನಾ ಒಂದಿಷ್ಟು ಓದಿ, ಕ್ಯಾಂಡಿ ಚೀಪುತ್ತ ಹೇಳುತ್ತಿದ್ದಳು. ಟಪಾಲ ಗಾಡಿ ಹೊಡೆಯುವ ಅಣ್ಣನಿಗೆ ಜ್ವರ ಬಂದಾಗ ತಂಗಿ ಗಂಗಿ ಅವನ ಪಟಗಾ ತಲೆಗೆ ಸುತ್ತಿಕೊಂಡು, ಎತ್ತು ಹೂಡಿ ತಾನೇ ಹೊರಟಿದ್ದಾಳೆ. ಗಾಡಿಯಲ್ಲಿ ಕೀಲಿ ಹಾಕಿದ ಒಂದು ಪೆಟ್ಟಿಗೆ. ಹಿಂದೆ ಕಳ್ಳರು. ಪೆಟ್ಟಿಗೆಯಲ್ಲಿ ಏನಿದೆ ಅಂತ ಗಂಗಿಗೂ ಗೊತ್ತಿಲ್ಲ. ಇಷ್ಟಕ್ಕೆ ಶನಿವಾರ ಬಂತು.

ಬಾದಾಮಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಮಾಳಿಗೆಯ ಮೇಲೆ ಕೈಚೀಲ ಬಿಟ್ಟು ಅತ್ತ ಮುಖ ಮಾಡಬಾರದು ಅಂತ. ಮೇಲೆ ಓದುತ್ತ ಕೂತಿದ್ದ ವಿದ್ಯಾಗೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ಗಂಗಿಯ ಗಾಡಿ ಹೊಳೆಯ ದಂಡೆಗೆ ಬಂದಿತ್ತು, ಕೆಳಗಿನಿಂದ ಅವಳ ಅವ್ವ ಕೂಗುತ್ತಿದ್ದಳು. ಹುಡುಗಿ ಪುಸ್ತಕವನ್ನು ಸೌತೆಕಾಯಿ ಇದ್ದ ಚೀಲಕ್ಕೇ ತುರುಕಿ ಇಳಿದುಹೋದಳು. ಕಿವಿ ಹರಿದ ಗಡವ ಮಂಗವೊಂದು ಅದಕ್ಕೇ ಕಾದಿತ್ತು. ಚೀಲ ಎತ್ತಿಕೊಂಡು ಎದುರಿನ ಮಲೀಕಸಾಬನ ಪಂಚರ್ ಅಂಗಡಿಯ ತಗಡಿನ ಮೇಲೆ ಹಾರಿತು. ಸೌತೆಕಾಯಿಯನ್ನು ಸಾವಕಾಶ ತಿಂದು, ಬಾಯಿ ಒರೆಸಿಕೊಂಡು, ಆಮೇಲೆ ಪುಸ್ತಕವನ್ನು ಉಳ್ಳಾಗಡ್ಡಿ ಸುಲಿದ ಹಾಗೆ ಸುಲಿಯತೊಡಗಿತು. ಬೇಸಿಗೆಯ ಸುಳಿಗಾಳಿ ಬೇರೆ. ಗಂಗಿ, ಎತ್ತು, ಕಳ್ಳರು, ಎಲ್ಲರೂ ಓಣಿಯ ತುಂಬ ಹಾರಾಡಿದರು.

ದುಂಡೇಶನ ಕಣ್ಣಿಗೆ ಆ ಹಾಳಿಗಳ ನಡುವೆ ಕಂಡದ್ದು ವಿದ್ಯಾಗಿರಿಯ ಕ್ಲಾಸು. ಎದ್ದುಬಿದ್ದು ಓಡಿದ.

ಮೊದಲು ಸಿಕ್ಕ ಹಾಳಿ ಮಲೀಕಸಾಬನ ಒದ್ದೆ ಕೈಯಲ್ಲಿತ್ತು. ಸೈಕಲ್ ಟ್ಯೂಬನ್ನು ನೀರಿನಲ್ಲೇ ಬಿಟ್ಟು ಆತ ಹಾಳಿಯನ್ನು ದೂರ ಹಿಡಿದು ಮೇಲಿನೆರಡು ಸಾಲನ್ನು ತಿಣುಕಿ ಓದುತ್ತ ಕೂತಿದ್ದ.

“ಕಾಕಾ, ನಮ್ಮ ಹಾಳಿ.”

“ಒಯ್ಯುವಂತಿ ತಡೀಲೇ. ಈ ಹೆಣ್ಮಗಳು ಪಟಗಾ ಯಾಕ ಸುತ್ಯಾಳ? ಅದನ್ನ ಹೇಳು ಮೊದಲ.”

ದುಂಡೇಶ ತನಗೆ ಗೊತ್ತಿದ್ದಷ್ಟು ಹೇಳಿದ. ಮಲೀಕಸಾಬ ಮುಂದೇನು ಅಂದ. ಮುಂದಿನದು ಆ ಹಾಳಿಯಲ್ಲೇ ಇತ್ತು, ಮಲೀಕಸಾಬನ ಕನ್ನಡಕ ಮನೆಯಲ್ಲಿತ್ತು. ವಿದ್ಯಾ ಇನ್ನೂ ಓಣಿಯ ಆ ತುದಿಯಲ್ಲಿ ಹಾಳಿ ಬೆನ್ನಟ್ಟುತ್ತಿದ್ದಳು. ಬೇರೆ ದಾರಿ ಕಾಣದೆ ದುಂಡೇಶ ಗಾಳಿ ಹೊಡೆಯುವ ಪಂಪಿಗೆ ಆತುಕೊಂಡು ತಾನೇ ಓದತೊಡಗಿದ. ಗಾಡಿಯ ಒಂದು ಗಾಲಿ ನೀರಿಗಿಳಿಯಿತು. ಹಿಂದೆ ಪಂಜಿನ ಬೆಳಕು. ಎಡಗಡೆಯ ಎತ್ತು ಮುಂದೆ ಹೆಜ್ಜೆ ಇಡಲೊಲ್ಲದು. ಗಂಗಿ ಬಾರುಕೋಲು ಒಗೆದು ಎತ್ತಿನ ಕಿವಿಯ ಹತ್ತಿರ ಬಗ್ಗಿ... ಹಾಳಿ ಮುಗಿದಿತ್ತು.

“ಕಿವ್ಯಾಗ ಏನಂದ್ಳು?” ಅಂದ ಮಲೀಕಸಾಬ.

ಅದು ತಿಳಿಯಬೇಕಾದರೆ ಮುಂದಿನ ಹಾಳಿ ಸಿಗಬೇಕು. ದುಂಡೇಶ ಮತ್ತೆ ಓಡಿದ. ಈ ಸಲ ಓಡುವಾಗ ಕೋಚಿಂಗ್ ಕ್ಲಾಸು ನೆನಪಿಗೇ ಬರಲಿಲ್ಲ.

ಹೂ ಕಟ್ಟುವ ಹೆಣ್ಣುಮಕ್ಕಳ ಕಟ್ಟೆಯಲ್ಲಿ ಒಂದಿಷ್ಟು ಹಾಳಿ ಸಿಕ್ಕವು. ಅವರೂ ಅಷ್ಟೇ, ಹಿಂದಿನ ಕಥೆ ಕೇಳದೆ ಬಿಟ್ಟುಕೊಡಲಿಲ್ಲ. ಚಹಾದ ಅಂಗಡಿಯ ಯಮನೂರ ಒಂದು ಹಾಳಿಯ ಮೇಲೆ ಆಗಲೇ ಬಿಸಿ ಮಿರ್ಚಿಬಜಿ ಇಟ್ಟಿದ್ದ. ಎಣ್ಣೆ ಇಳಿದು ಎರಡೂ ಮಗ್ಗುಲಿನ ಅಕ್ಷರ ಒಟ್ಟಿಗೇ ಕಾಣುತ್ತಿದ್ದವು. ಮನೆಯಲ್ಲಿ ಅಳುವ ಗಂಗಿಯ ಅವ್ವನೂ ಹೊಳೆಯಲ್ಲಿ ಈಜುವ ಕಳ್ಳರೂ ಒಂದೇ ಸಾಲಿನಲ್ಲಿ ಕೂಡಿಬಿಟ್ಟಿದ್ದರು. ದುಂಡೇಶ ಅದನ್ನು ಬಿಸಿಲಿಗೆ ಹಿಡಿದು, ಸೊಟ್ಟ ಮಾಡಿ, ಕಣ್ಣು ಕಿರಿದು ಮಾಡಿ ಬಿಡಿಸಿ ಓದಿದ. ಹೋದಲ್ಲೆಲ್ಲ ಕಥೆ ಹೇಳಿ ಹೇಳಿ ಅವನಿಗೆ ರಂಗೇರಿತು. ಕಳ್ಳರಿಗೆ ಇಲ್ಲದ ಮೀಸೆ ಹಚ್ಚಿದ, ಎತ್ತಿಗೆ ಇಲ್ಲದ ಸಿಟ್ಟು ಕೊಟ್ಟ. ಹೊತ್ತು ಮುಳುಗುವುದರೊಳಗೆ ಓಣಿಯವರೆಲ್ಲ ಪೆಟ್ಟಿಗೆಯ ಚಿಂತೆಗೆ ಬಿದ್ದಿದ್ದರು. ಒಬ್ಬರು ಬಂಗಾರ ಅಂದರು, ಇನ್ನೊಬ್ಬರು ರಾಜನ ಉಯಿಲು ಅಂದರು. ಮಲೀಕಸಾಬ ಅತ್ತರಿನ ಶೀಸೆ ಅಂತ ಹಟ ಹಿಡಿದ.

ವಿದ್ಯಾ ಹಾಳಿಗಳನ್ನು ಹೊಂದಿಸಿ ದಾರ ಕಟ್ಟಿದಳು. ಎಲ್ಲ ಸಿಕ್ಕಿದ್ದವು, ಕಡೆಯದೊಂದು ಬಿಟ್ಟು. ಅದು ಹಿಂದಿನ ರಟ್ಟಿಗೆ ಅಂಟಿಕೊಂಡಿತ್ತು, ರಟ್ಟು ಮಂಗನ ಕಂಕುಳಲ್ಲಿತ್ತು. ಹಳೇ ಕಾಲದ ಹಿಟ್ಟಿನ ಅಂಟು, ನೆಕ್ಕಲು ಅದಕ್ಕೆ ಬಲು ರುಚಿ.

ಐತವಾರ ಮುಂಜಾನೆ ದುರ್ಗಪ್ಪ ಬಂದ. ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು, ಹೊರಸಿನ ಮೇಲೆ ಕಾಲ ಮೇಲೆ ಕಾಲು. ಗಂಗಿಯ ಊರು ಯಾವುದು, ಎತ್ತಿನ ಬಣ್ಣ ಯಾವುದು ಅಂತ ಮೊದಲು ಪರೀಕ್ಷೆಯ ಹಾಗೆ ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟ. ಆಮೇಲೆ ಕಾಲು ಇಳಿಸಿ ಮುಂದೆ ಬಾಗಿದ. ಚಹಾದ ಮೇಲೆ ಕೆನೆ ಕಟ್ಟಿತು. ಮಗ ಅಂಗಳದಲ್ಲಿ ಎತ್ತಾಗಿ ಗುಟುರು ಹಾಕಿದ, ಕಳ್ಳನಾಗಿ ಹೊಳೆಗೆ ಬಿದ್ದ, ಗಂಗಿಯಾಗಿ ಪೆಟ್ಟಿಗೆಯ ಮುಂದೆ ಕೂತ.

“ಕೀಲಿ ತಿರುವಿದ್ಳು. ಮುಚ್ಚಳ ಎತ್ತಿದ್ಳು.”

“ಎತ್ತಿ?” ಅಂದ ದುರ್ಗಪ್ಪ.

“ಇಷ್ಟs ಐತಪಾ. ಕಡೀ ಹಾಳಿ ಮಂಗ್ಯಾ ಒಯ್ದೈತಿ.”

ತನ್ನ ಕಚೇರಿಯಲ್ಲಿ ಕಾಗದ ಕಳೆದದ್ದಕ್ಕೆ ನೆಪವಾಗಿ ದುರ್ಗಪ್ಪ ಇಲಿಯ ಹೆಸರು ಕೇಳಿದ್ದ, ಗೆದ್ದಲಿನ ಹೆಸರು ಕೇಳಿದ್ದ. ಮಂಗ ಹೊಸದು. ಪೂರ್ತಿ ಅಂದರೆ ಪೂರ್ತಿ, ಇದು ಪೂರ್ತಿ ಆಗಲಿಲ್ಲ ಅಂದ. ಆದರೆ ದುರ್ಗಪ್ಪ ಮಗನ ಕಡೆ ನೋಡುತ್ತಿರಲಿಲ್ಲ, ತಾಯಿಯ ಕಡೆ ತಿರುಗಿದ್ದ.

“ಅವ್ವಾ, ನೀ ಓದೀಯಲ್ಲ. ಪೆಟ್ಟಿಗ್ಯಾಗ ಏನಿತ್ತು?”

“ಗೊತ್ತೈತಿ. ಹೇಳಾಂಗಿಲ್ಲ” ಅಂದಳು ಸಕ್ರವ್ವ, ಅಕ್ಕಿ ಆರಿಸುತ್ತ. “ನಾ ಹೇಳಿದ್ರ ಹುಡುಗ ಸೋತಂಗ.”

ದುರ್ಗಪ್ಪ ಕಾಡಿದ, ಬೇಡಿದ, ಸಣ್ಣವನಿದ್ದಾಗ ಶೇಂಗಾ ಉಂಡಿಗಾಗಿ ಮಾಡುತ್ತಿದ್ದ ಹಾಗೆ ಸೆರಗು ಜಗ್ಗಿದ. ಮುದುಕಿ ಕಲ್ಲಾಗಿ ಕೂತಳು. ಅಷ್ಟರಲ್ಲಿ ಹೊರಗಿನಿಂದ ಮಲೀಕಸಾಬ ಕೂಗಿದ, ಮಂಗ ತಗಡಿಗೆ ಬಂದಿದೆ ಅಂತ.

ಬರಿಗಾಲಲ್ಲಿ ಮೊದಲು ಹೊರಬಿದ್ದವನು ದುರ್ಗಪ್ಪ. ಮಲೀಕಸಾಬ ನಿಚ್ಚಣಿಕೆ ಹಚ್ಚಿದ, ಹೂವಿನವರು ಬಾಳೆಹಣ್ಣು ಕೊಟ್ಟರು. ಇಸ್ತ್ರಿ ಅಂಗಿ ತಗಡಿನ ಮೇಲೆ ಹತ್ತಿ, ನಾಲ್ಕು ಕಾಲಿನಲ್ಲಿ ಸರಿಯುತ್ತ ಹಣ್ಣು ಚಾಚಿತು. ಮಂಗ ಯೋಚನೆ ಮಾಡಿತು. ರಟ್ಟು ಬಿಟ್ಟು ಹಣ್ಣು ತೆಗೆದುಕೊಂಡಿತು, ಸಾಲದ್ದಕ್ಕೆ ಜೇಬಿನ ಪೆನ್ನನ್ನೂ ಕಿತ್ತುಕೊಂಡು ಹೋಯಿತು. ದುರ್ಗಪ್ಪ ಅದರ ಕಡೆ ನೋಡಲೂ ಇಲ್ಲ. ಅಲ್ಲೇ ಹಾಳಿ ಬಿಡಿಸಿದ.

“ಅಪ್ಪಾ, ನೀ ಓದಬ್ಯಾಡ. ಶರ್ತು ನಂದೈತಿ” ಅಂತ ದುಂಡೇಶ ಸರಸರ ಮೇಲೆ ಹತ್ತಿ ಹಾಳಿ ಕಸಿದುಕೊಂಡ. ಕಾದ ತಗಡಿನ ಮೇಲೆ ಅಪ್ಪ ಮಗ ಇಬ್ಬರೂ ಒಂದು ಕಾಲು ಎತ್ತಿ ಒಂದು ಕಾಲು ಇಳಿಸಿ ಕುಣಿಯುತ್ತಿರುವಾಗಲೇ ಹುಡುಗ ಓಣಿಗೆಲ್ಲ ಕೇಳುವಂತೆ ಓದಿದ. ಪೆಟ್ಟಿಗೆ ಖಾಲಿ. ಕಳ್ಳರು ಗಂಗಿಯ ಬೆನ್ನು ಹತ್ತಲಿ ಅಂತಲೇ ಟಪಾಲ ಕಚೇರಿಯವರು ಅದಕ್ಕೆ ಕೀಲಿ ಹಾಕಿದ್ದರು. ಖರೆ ಟಪಾಲು ಬೇರೆ ದಾರಿಯಲ್ಲಿ, ಮೆಣಸಿನಕಾಯಿ ಚೀಲದೊಳಗೆ ಆರಾಮವಾಗಿ ಊರು ಮುಟ್ಟಿತ್ತು.

ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರೂ ದುಂಡೇಶನನ್ನು ಹೊಗಳಿದರು. ಅದು ವಿದ್ಯಾಗೆ ತಡೆಯಲಿಲ್ಲ.

“ಹೊಳಿ ಮಟಾ ಓದಿದಾಕಿ ನಾನು. ಇಂವಾ ಬರೇ ಕೇಳ್ಯಾನ.”

ಕೆಳಗಿಳಿಯುತ್ತಿದ್ದ ದುರ್ಗಪ್ಪ ನಿಚ್ಚಣಿಕೆಯ ನಡುವೆಯೇ ನಿಂತ. “ಖರೆ ಏನಲೇ?”

“ಖರೇನs ಅಪ್ಪಾ. ಮೊದಲಿನ ಅರ್ಧ ನಾ ಓದಿಲ್ಲ.”

ಆಗಲೇ ದುರ್ಗಪ್ಪನ ಫೋನು ರಿಂಗಾಯಿತು. ಕೋಚಿಂಗ್ ಕ್ಲಾಸಿನವರು, ನಾಳೆ ಹುಡುಗ ಬರುತ್ತಾನೋ ಇಲ್ಲವೋ ಅಂತ ಕೇಳಲಿಕ್ಕೆ. ದುಂಡೇಶ ಅಪ್ಪನ ಮುಖ ನೋಡಿದ. ಫೋನಿನ ಕಡೆ ನೋಡಲಿಲ್ಲ.

“ಈಗ ಓದ್ತೇನಿ. ಕುಂತು ಕೇಳಪಾ” ಅಂದ.

ಹೂ ಕಟ್ಟುವವರು ತಾವೂ ಮೊದಲಿನದನ್ನು ಪೂರ್ತಿ ಕೇಳಿಲ್ಲ ಅಂದರು. ದುರ್ಗಪ್ಪ ಫೋನನ್ನು ಕಿವಿಗೆ ಹಚ್ಚಿ, “ಬರಾಂಗಿಲ್ರಿ, ಹುಡುಗ ಓದಾಕತ್ತಾನ” ಅಂದು ಜೇಬಿಗಿಟ್ಟ. ಪಂಚರ್ ಅಂಗಡಿಯ ನೆರಳಿನಲ್ಲಿ ಒಂದು ಹಳೇ ಟಾಯರಿನ ಮೇಲೆ ಕೂತ. ಸುಟ್ಟ ಅಂಗಾಲು ಟ್ಯೂಬ್ ಅದ್ದುವ ನೀರಿನಲ್ಲಿಟ್ಟ. ದುಂಡೇಶ ದಾರ ಬಿಚ್ಚಿ ಮೊದಲ ಹಾಳಿ ಕೈಗೆತ್ತಿಕೊಂಡ.

“ಜೋರಾಗಿ ಓದೋ, ಆಯಿಗೂ ಕೇಳಬೇಕು” ಅಂದಳು ವಿದ್ಯಾ.