ಉಂಟಾ ಎಂದರೆ ಉಂಟು

ದೂರದ ಬೆಟ್ಟ ನುಣ್ಣಗೆ, ದೂರದ ಉಪಗ್ರಹ ತಣ್ಣಗೆ. ಗಾದೆಯ ಉತ್ತರಾರ್ಧ ಕಾರ್ಕಳ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹುಟ್ಟಿದ್ದು. ಕತೆ ಮಾತ್ರ ಸತ್ಯ, ಕಾಪು ಲೈಟ್‌ಹೌಸಿನ ಆಣೆ.

ಆ ಕಾಲೇಜಿನವರು ಕಟ್ಟಿ ಹಾರಿಸಿದ ಟಿಫಿನ್ ಡಬ್ಬಿಯಷ್ಟಿನ ಉಪಗ್ರಹ ಮಳೆಗಾಲಕ್ಕೆ ಮೊದಲೇ ಮಾತು ನಿಲ್ಲಿಸಿತ್ತು. ಬ್ಯಾಟರಿ ಸತ್ತಿದೆ ಎಂದರೆ ಒಪ್ಪದವರು ಲಿಗೋರಿ ಒಬ್ಬರೇ. ಅವರು ಸೈನ್ಯದ ಭೂಕೇಂದ್ರದಲ್ಲಿ ಉಪಗ್ರಹಗಳಿಗೆ ಆಜ್ಞೆ ಕಳಿಸುತ್ತ ನಿವೃತ್ತರಾಗಿ, ಈಗ ಕಾಲೇಜಿನ ಆಂಟೆನಾ ನೋಡಿಕೊಳ್ಳುತ್ತಿದ್ದರು. ಅಲ್ಲಿನ ಉಪಗ್ರಹಗಳ ಹೆಸರನ್ನು ಹೆಂಡತಿ ಪ್ಯಾಟ್ರಿಶಿಯಾಗೂ ಹೇಳುವಂತಿರಲಿಲ್ಲ. ಬಾಯಿಬಿಟ್ಟು ನನ್ನದು ಎನ್ನಬಹುದಾದದ್ದು ಇದೊಂದೇ. ಅದು ತಲೆಯ ಮೇಲೆ ಹಾಯುವಾಗಲೆಲ್ಲ, ಅಂದರೆ ಪ್ರತಿ 'ಪಾಸ್'ನಲ್ಲೂ, ರಿಸೀವರಿಗೆ ಬಾಗಿ ಕೇಳುವರು: "ಎಂತ ಮಾರಾಯ, ಉಂಟಾ?"

ರಿಸೀವರು ಉಸ್ ಎನ್ನುತ್ತಿತ್ತು.

"ಶನಿವಾರದ ಪಾಸ್ ಕೊನೆಯದು ಲಿಗೋರಿಯವರೇ," ಎಂದರು ಪ್ರಿನ್ಸಿಪಾಲ್ ಸಿಂಥಿಯಾ. "ಆಮೇಲೆ ಆಂಟೆನಾ ಇಳಿಸುವುದು. ಬಸ್ ನಿಲ್ಲಿಸಲಿಕ್ಕೆ ಜಾಗ ಬೇಕು."

"ಸೈನ್ಯದಲ್ಲಿ ಒಂದು, ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಮಾತಾಡಿದ್ದುಂಟು ಮೇಡಂ."

"ಯಾವುದು?"

"ಅದು ಹೇಳುವಂತಿಲ್ಲ."

ಭೌತಶಾಸ್ತ್ರದ ಮೇಷ್ಟ್ರು ಕ್ಲಾಯ್ಡ್ ಪಕ್ಕದಲ್ಲೇ ಇದ್ದ. ಉಪಗ್ರಹದ ಗ್ರಹಚಾರ ನೆಟ್ಟಗಿಲ್ಲದಿದ್ದರೆ ಪಾಸಾದರೂ ಫೇಲೇ ಎಂದು ಸ್ಟಾಫ್ ರೂಮಿನಲ್ಲಿ ಹಬ್ಬಿಸಿದವನು ಅವನೇ. ಕಂಡಕ್ಟರು, ಗ್ರೈಂಡರು, ಪ್ರಿನ್ಸಿಪಾಲರು, ಎಲ್ಲರ ದನಿಯೂ ಅವನ ಗಂಟಲಲ್ಲಿತ್ತು. ಮೊದಲು ರಿಸೀವರಿನಲ್ಲಿ ಕೇಳುತ್ತಿದ್ದ, ದೂರ ಹೋಗುತ್ತ ತಗ್ಗುವ ಉಪಗ್ರಹದ ಶಿಳ್ಳೆಯೂ ಅವನಿಗೆ ಬರುತ್ತಿತ್ತು. ಬೆಳ್ಮಣ್ ಕಡೆ ಓಡುವ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನಿನಿಂದ ಕಲಿತದ್ದು.

ಶನಿವಾರ ಅವನು ರಿಸೀವರಿನಲ್ಲಿ ಕೇಳಿಸುವಂತೆ ಹೊಂದಿಸಿದ ವೈರ್‌ಲೆಸ್ ಸೆಟ್ ಹಿಡಿದು ಲಿಗೋರಿಯವರ ಕೋಣೆಯ ಕಿಟಕಿಯ ಹೊರಗೆ ಕುಕ್ಕರುಗಾಲಲ್ಲಿ ಕೂತ. ಸ್ವಲ್ಪ ತಮಾಷೆ, ಆಮೇಲೆ ಕ್ಯಾಂಟೀನಿನಲ್ಲಿ ಚಾ. ಪಾಸಿನ ಹೊತ್ತಿಗೆ ಸರಿಯಾಗಿ ಸೆಟ್ಟಿನೊಳಗೆ ಶಿಳ್ಳೆ ಹಾಕಿದ.

ಒಳಗೆ ಕುರ್ಚಿ ಬಿತ್ತು. ಇಣುಕಿದರೆ ಲಿಗೋರಿ ಕವಾಯತಿನಲ್ಲಿ ನಿಂತಂತೆ ನೆಟ್ಟಗೆ ನಿಂತಿದ್ದಾರೆ, ಕಿವಿಯಲ್ಲಿ ಫೋನ್. "ಮೇಡಂ, ಬನ್ನಿ. ಉಂಟು."

ಸಿಂಥಿಯಾ ಬಂದರು, ಹಿಂದೆ ಆಫೀಸಿನ ಯೋಗೀಶ್, ಅವನ ಹಿಂದೆ ಅರ್ಧ ಕಾಲೇಜು. ಈಗ ನಿಲ್ಲಿಸಿದರೆ ಮುದುಕರ ಎದೆ ಒಡೆದೀತು. ಕ್ಲಾಯ್ಡ್ ಶಿಳ್ಳೆಯನ್ನು ಮೆಲ್ಲ ಮೆಲ್ಲ ತಗ್ಗಿಸುತ್ತ ಹೋದ. ಇನ್ನೊಂದಿಷ್ಟು ಹೊತ್ತು, ಮತ್ತೆ ಸುಳ್ಳು ತಾನಾಗಿಯೇ ದಿಗಂತದಲ್ಲಿ ಮುಳುಗುತ್ತದೆ.

"ಹಾಗಾದರೆ ಇಳಿಸುವುದು ಬೇಡ ಯೋಗೀಶ್," ಎಂದರು ಸಿಂಥಿಯಾ.

ಕ್ಲಾಯ್ಡ್ ಶಿಳ್ಳೆ ಮುಗಿಸಿ ಗೋಡೆಗೊರಗಿದ. ಆಗಲೇ ಲಿಗೋರಿ ರಿಸೀವರಿಗೆ ಬಾಗಿ, ಜ್ವರ ಬಿಟ್ಟ ಮಗುವನ್ನು ಮಾತಾಡಿಸುವಂತೆ ಕೇಳಿದರು: "ಎಂತ ಮಾರಾಯ, ಉಂಟಾ?"

ಈ ಕರಾವಳಿಯಲ್ಲಿ ಉಂಟಾ ಎಂದು ಕೇಳಿಸಿದರೆ ಉತ್ತರ ಕೊಡುವುದು ತಲೆಯಲ್ಲ, ನಾಲಿಗೆ.

"ಉಂಟು," ಎಂದಿತು ಉಪಗ್ರಹ.

ಅದೇ ದನಿ ಹೊರಗಿನಿಂದಲೂ ಕೇಳಿ ಯೋಗೀಶ್ ಕಿಟಕಿ ತೆರೆದ. ಕ್ಲಾಯ್ಡನ ಬೆರಳು ಇನ್ನೂ ಸೆಟ್ಟಿನ ಗುಂಡಿಯ ಮೇಲಿತ್ತು.

"ಕ್ರೇನಿನವನಿಗೆ ಸೋಮವಾರವೇ ಬರಲಿಕ್ಕೆ ಹೇಳು," ಎಂದರು ಸಿಂಥಿಯಾ, ಯಾರ ಮುಖವನ್ನೂ ನೋಡದೆ.

"ಅಂಕಲ್, ನಾನು ತಮಾಷೆಗೆ..."

"ಒಳ್ಳೆ ಉಪಗ್ರಹ ಮಾರಾಯ," ಎಂದರು ಲಿಗೋರಿ. "ನಮ್ಮೂರಿನದ್ದೇ."

ಬಾಗಿಲ ಬಳಿ ಯಾರೋ ಕಿಸಕ್ಕೆಂದರು. ಕೋಣೆಯಿಡೀ ನಕ್ಕಿತು. ಲಿಗೋರಿ ರಿಸೀವರಿನ ಸ್ವಿಚ್ಚು ಆರಿಸಿ, ಮೇಜಿಗೆ ಎರಡೂ ಕೈ ಊರಿ ನಗತೊಡಗಿದರು. ಒಬ್ಬೊಬ್ಬರದಾಗಿ ಉಳಿದವರ ನಗು ಮುಗಿಯಿತು. ಕ್ಲಾಯ್ಡ್ ತಲೆ ತಗ್ಗಿಸಿದ. ಲಿಗೋರಿ ಮಾತ್ರ, ಕಣ್ಣೊರೆಸಿಕೊಳ್ಳಲಿಕ್ಕೂ ನಿಲ್ಲದೆ, ಎಲ್ಲರಿಗಿಂತ ಜೋರಾಗಿ ನಗುತ್ತಲೇ ಇದ್ದರು.