ಪಕ್ಕದ ಮೇಜಿನ ಮ್ಯಾಗಜಿನ್

ಗಡಿವಿವಾದಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ನದಿ, ಬೆಟ್ಟ, ಕಣಿವೆಗಳ ಹತ್ತಿರವೇ ನಿಂತುಬಿಡುತ್ತಾರೆ. ಒಹಾಯೋ ಸೀಮೆಯ ಪಶ್ಚಿಮದ ಅಂಚಿನಲ್ಲಿ, ಮುಸುಕಿನ ಜೋಳದ ಹೊಲಗಳ ನಡುವಿನ ಒಂದು ತಗಡಿನ ಸಭಾಂಗಣದಲ್ಲಿ, ಎರಡು ಮಡಚುವ ಮೇಜುಗಳ ಮಧ್ಯೆ ಇದ್ದ ಒಂದು ಗೇಣು ಜಾಗದ ಬಗ್ಗೆ ಯಾವ ಪಂಡಿತನೂ ಒಂದು ಸಾಲು ಬರೆದಿಲ್ಲ. ಲೋಕದ ಈ ದೊಡ್ಡ ಕೊರತೆಯನ್ನು ಇಲ್ಲಿ ತುಂಬಲಾಗುತ್ತಿದೆ.

ಒಂದು ಮೇಜು ಲೋವೆಲ್ ಬ್ರಾಂಟ್‌ನದು. ಹಳೆಯ ಸೇನಾ ಪಿಸ್ತೂಲುಗಳ ಸಂಗ್ರಾಹಕರ ಸಂಘಕ್ಕೆ ಅವನೇ ಪರೀಕ್ಷಕ. ಯಾವುದು ಅಸಲಿ, ಯಾವುದಕ್ಕೆ ಬಣ್ಣ ಕೊಟ್ಟಿದೆ, ಯಾವುದರ ತಿರುಪು ಬದಲಾಗಿದೆ ಎಂದು ಅವನು ಹೇಳಿದರೆ ಮುಗಿಯಿತು, ಅದರ ಮೇಲೆ ಮೇಲ್ಮನವಿ ಇರಲಿಲ್ಲ. ಅವನ ಸ್ವಂತ ಹೆಮ್ಮೆ ಎಂದರೆ ಮೊದಲ ಮಹಾಯುದ್ಧದ ಒಂದು ಜರ್ಮನ್ ಲೂಗರ್. ಅದರ ಭಾಗ ಭಾಗದ ಮೇಲೂ ಒಂದೇ ಸಂಖ್ಯೆ ಇತ್ತು. ಗುಂಡು ತುಂಬಿ ಹಿಡಿಯೊಳಗೆ ತಳ್ಳುವ ಮ್ಯಾಗಜಿನ್ ಮಾತ್ರ ಬೇರೆ ಯಾವುದೋ ಪಿಸ್ತೂಲಿನದು. ಮೂವತ್ತೊಂದು ಹಲ್ಲು ಸರಿಯಿದ್ದು ಮುಂದಿನದೊಂದು ಕಟ್ಟಿಸಿದ ಹಲ್ಲಾದರೆ ಹೇಗೋ ಹಾಗೆ. ನಗಬಹುದು, ಆದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಆ ಒಂದು ಕೊರತೆಯಿಂದ ಸಂಘದ ವಸಂತದ ಪ್ರದರ್ಶನದಲ್ಲಿ ಅದಕ್ಕೆ ಪ್ರತಿ ವರ್ಷ ಎರಡನೇ ಬಹುಮಾನವೇ.

ಇನ್ನೊಂದು ಮೇಜು ಆರ್ಡಿತ್ ಕೆಸ್ಲರ್‌ಳದು. ಅದರ ಮೇಲೆ ನೀಲಿ ಮಖಮಲ್ಲಿನ ಒಂದು ತುಂಡು, ಅದರ ಮೇಲೆ ಒಂದೇ ಒಂದು ಮ್ಯಾಗಜಿನ್. ಅದರ ಮರದ ತಳದಲ್ಲಿ ಒತ್ತಿದ್ದ ಸಂಖ್ಯೆ ಲೋವೆಲ್‌ನ ಲೂಗರಿನದೇ. ಪ್ರತಿ ವಸಂತದಲ್ಲೂ ಅವಳು ಅವನ ಪಕ್ಕದ ಮೇಜನ್ನೇ ಹಿಡಿಯುತ್ತಿದ್ದಳು. ಸಂಖ್ಯೆ ಅವನ ಕುರ್ಚಿಯ ಕಡೆಗೆ ಮುಖ ಮಾಡುವಂತೆ ಮ್ಯಾಗಜಿನನ್ನು ಇಟ್ಟು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಹೆಣಿಗೆ ಹಾಕುತ್ತಾ ಕೂರುತ್ತಿದ್ದಳು. ಲೋವೆಲ್ ಅದಕ್ಕೆ ಬದಲಾಗಿ ಬೇರೆ ಪಿಸ್ತೂಲುಗಳನ್ನು ಕೊಡುತ್ತೇನೆಂದ, ಹೊಗೆಯಲ್ಲಿ ಹದಮಾಡಿದ ಹಂದಿ ತೊಡೆ ಕೊಡುತ್ತೇನೆಂದ, ಒಮ್ಮೆ ಮನಸ್ಸು ಸೋತು ತನ್ನ ಟ್ರಕ್ಕನ್ನೇ ಕೊಡುತ್ತೇನೆಂದ. ಅವಳು ಹೆಣಿಗೆಯಿಂದ ತಲೆಯೆತ್ತದೆ ಬೇಡವೆಂದಳು.

ಕಾರಣ ಅವಳ ಗಂಡ ಡೆಲ್ಮರ್. ಸೇತುವೆಯೊಂದರ ಮೇಲೆ ಶರಣಾದ ಜರ್ಮನ್ ಅಧಿಕಾರಿಯದೆಂಬ ಕಥೆ ಕೇಳಿ ಅವನೊಂದು ಪಿಸ್ತೂಲು ಕೊಂಡಿದ್ದ. ಕಥೆ ಕೇಳಿ ಕೊಂಡವ ಕೆಟ್ಟ ಎಂಬುದು ಆ ಸಂಗ್ರಾಹಕರ ಗಾದೆ. ಸಂಘದ ವಾರ್ಷಿಕ ಊಟದ ದಿನ ಎಲ್ಲರೂ ಕೋಳಿ ಕಾಲು ಕಚ್ಚುತ್ತಿರುವಾಗ ಲೋವೆಲ್ ಅದನ್ನು ತಿರುಗಿಸಿ ನೋಡಿ, ಅಸಲಿಯಲ್ಲಿ ಒಣಹುಲ್ಲಿನ ಬಣ್ಣ ಇರಬೇಕಾದ, ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕುದುರೆಯೂ ನೀಲಿಯಾಗಿರುವುದನ್ನು ಕಂಡು, ಮೈಕಿನಲ್ಲಿ ಹೇಳಿದ: "ಕಥೆ ಚೆನ್ನಾಗಿದೆ. ಪಿಸ್ತೂಲಿಗೆ ಬಣ್ಣ ಹೊಡೆದಿದೆ." ಸಭೆಯೆಲ್ಲ ನಕ್ಕಿತು. ಡೆಲ್ಮರನೂ ನಕ್ಕ. ಆಮೇಲೆ ಅವನು ಯಾವ ಪ್ರದರ್ಶನಕ್ಕೂ ಬರಲಿಲ್ಲ, ಮುಂದಿನ ಚಳಿಗಾಲ ದಾಟಲೂ ಇಲ್ಲ.

ಬಣ್ಣ ಹೊಡೆದದ್ದು ನಿಜವೆಂದು ಆರ್ಡಿತಳಿಗೂ ಗೊತ್ತಿತ್ತು. ಅವಳ ತಕರಾರು ನಿಜದ ಮೇಲಲ್ಲ, ಮೈಕಿನ ಮೇಲೆ. ಜೊತೆಗೆ ಅವಳೊಬ್ಬಳಿಗೇ ಗೊತ್ತಿದ್ದ ಇನ್ನೊಂದು ಸಂಗತಿ ಇತ್ತು. ಯಾವುದೋ ಮುದುಕನ ಮೊಳೆ ಡಬ್ಬಿಯಲ್ಲಿ ಆ ಮ್ಯಾಗಜಿನ್ ಸಿಕ್ಕಾಗ ಡೆಲ್ಮರ್ ಮಗುವಿನಂತೆ ಕುಣಿದಿದ್ದ. ಗೆಳೆಯ ಲೋವೆಲ್‌ಗೆ ಕೊಡಬೇಕೆಂದು ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದದ್ದು ಅದೇ ಊಟಕ್ಕೆ. ಹಾಗೆಯೇ ಜೇಬಿನಲ್ಲಿಟ್ಟುಕೊಂಡು ವಾಪಸು ಹೋಗಿದ್ದ. ಈ ಮಾತನ್ನು ಅವಳು ಲೋವೆಲ್‌ಗೆ ಹೇಳಿರಲಿಲ್ಲ. ಒಳ್ಳೆಯ ಗುಂಡನ್ನು ಯಾರೂ ಗುಬ್ಬಚ್ಚಿಗೆ ಹಾರಿಸುವುದಿಲ್ಲ.

ಹೀಗೆ ಹಲವು ವಸಂತ ಕಳೆದ ಮೇಲೆ ಒಂದು ವರ್ಷ ಸಂಘಕ್ಕೆ ಡೆನ್ನಿ ಪ್ರೂಯಿಟ್ ಎಂಬ ಹೊಸ ಅಧ್ಯಕ್ಷ ಬಂದಿದ್ದ. ಆರ್ಡಿತಳ ಎದುರುಸಾಲಿನಲ್ಲಿ ಅವನ ಜಪಾನಿ ಪಿಸ್ತೂಲುಗಳಿದ್ದವು. ಜನ ಈ ಎರಡು ಮೇಜುಗಳ ತಮಾಷೆ ನೋಡಲು ಗುಂಪುಗೂಡಿ, ಅವನ ಪಿಸ್ತೂಲುಗಳಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಆದ್ದರಿಂದ ಅವನಿಗೆ ಶಿಸ್ತಿನ ಮೇಲೆ ಅಪಾರ ಪ್ರೀತಿ ಹುಟ್ಟಿತು. ಪ್ರದರ್ಶನಕ್ಕಿಟ್ಟ ವಸ್ತು ಅಸಲಿಯೆಂದು ಪರೀಕ್ಷಕ ಒಪ್ಪದಿದ್ದರೆ ಮೇಜು ಖಾಲಿ ಮಾಡಬೇಕು ಎಂಬ, ಎಂದೂ ಯಾರೂ ಬಳಸದ ನಿಯಮವನ್ನು ಧೂಳು ಕೊಡವಿ ಎತ್ತಿಕೊಂಡ.

ಪ್ರದರ್ಶನದ ದಿನ ಬೆಳಿಗ್ಗೆ ಲೋವೆಲ್‌ನ ಕುರ್ಚಿಗೆ ಬಾಗಿ ಅವನು ಪಿಸುಗುಟ್ಟಿದ್ದು ಆರ್ಡಿತಳಿಗೆ ಚೆನ್ನಾಗಿ ಕೇಳಿಸಿತು. ಅವಳ ಕಿವಿಯ ಯಂತ್ರ ಹೊಸದೆಂಬುದು ಡೆನ್ನಿಗೆ ಗೊತ್ತಿರಲಿಲ್ಲ.

"ನಂಬರ್ ಆಮೇಲೆ ಒತ್ತಿದ್ದು ಅಂದ್ಬಿಡು. ಮರ ತಾನೇ, ಯಾರು ಬೇಕಾದ್ರೂ ಒತ್ತಬೋದು. ಅವಳು ಗಂಟುಮೂಟೆ ಕಟ್ತಾಳೆ. ನಕಲಿ ಅಂತಾದ್ಮೇಲೆ ಅದನ್ನ ಯಾಕೆ ಇಟ್ಕೋತಾಳೆ? ಸುತ್ತಿ ಬಳಸಿ ನಿನ್ನ ಕೈಗೇ ಬರುತ್ತೆ. ಅಸಲಿ ಅಂತ ನಿಂಗೊಬ್ಬನಿಗೆ ಗೊತ್ತಿದ್ರೆ ಸಾಲ್ದಾ?"

ಲೋವೆಲ್ ಕನ್ನಡಕ ಒರೆಸಿಕೊಂಡ.

ಆರ್ಡಿತ್ ಒಂದು ಸಾಲು ಹೆಣಿಗೆ ಮುಗಿಸಿದಳು. ಅವನು ನಕಲಿ ಎನ್ನಲಿ, ಎಂದುಕೊಂಡಳು. ಅಂದ ಮರುಕ್ಷಣ ಅದೇ ಮೈಕು ಕಿತ್ತುಕೊಂಡು, ಡೆಲ್ಮರನ ಕೋಟಿನ ಜೇಬಿನ ಮಾತನ್ನು ಸಭೆಗೆಲ್ಲ ಕೇಳುವಂತೆ ಹೇಳುವುದು. ಆಮೇಲೆ ಮೇಜು ಹೋದರೆ ಹೋಗಲಿ. ಇಷ್ಟು ವರ್ಷ ಕಾದದ್ದಕ್ಕೆ ಇಂಥ ಸುಗ್ಗಿ ಬರುತ್ತದೆಂದು ಅವಳೂ ಎಣಿಸಿರಲಿಲ್ಲ.

ಡೆನ್ನಿ ಬಂದು, ಮೇಡಂ, ಬೇಜಾರು ಮಾಡ್ಕೋಬೇಡಿ, ನಿಯಮ ಎಲ್ಲರಿಗೂ ಒಂದೇ, ಎಂದ. ಅವಳಿಗೇನೂ ಬೇಜಾರಿರಲಿಲ್ಲ. ಮಖಮಲ್ ಸಮೇತ ಮ್ಯಾಗಜಿನನ್ನು ಲೋವೆಲ್‌ನ ಮುಂದೆ ತಳ್ಳಿದಳು. ಗಡಿ ದಾಟಿದ್ದು ಅದೇ ಮೊದಲು.

"ಮೈಕ್ ತಗೊಂಡೇ ಹೇಳು ಲೋವೆಲ್," ಎಂದಳು. "ನಿನ್ನ ಬಾಯಿಗೆ ಮೈಕ್ ಒಗ್ಗುತ್ತೆ."

ಸಭಾಂಗಣದ ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆಂದು ಲೋವೆಲ್ ಅದನ್ನು ಬಾಗಿಲ ಬಳಿ, ಬಿಸಿಲಿಗೆ ಒಯ್ದ. ಭೂತಗನ್ನಡಿಯಲ್ಲಿ ನೋಡಿದ. ಬೆರಳಿನಿಂದ ತಳ ಸವರಿದ. ಬಹಳ ಹೊತ್ತು ಅವನ ಬೆನ್ನೊಂದೇ ಕಾಣುತ್ತಿತ್ತು. ತಿರುಗಿ ಬಂದು ಮೈಕು ಹಿಡಿದಾಗ ಅವನ ಮುಖ ಹಲ್ಲುನೋವಿನವನ ಮುಖದಂತಿತ್ತು.

"ನಂಬರ್ ಹಳೇದು. ಹೊಸದಾಗಿ ಒತ್ತಿದ್ರೆ ಗೀರಿನೊಳಗೆ ಮರ ಬೆಳ್ಳಗೆ ಕಾಣ್ಬೇಕು. ಇದು ಒಳಗೂ ಹೊರಗೂ ಒಂದೇ ಥರ ಎಣ್ಣೆ ಕುಡಿದು ಕಪ್ಪಾಗಿದೆ. ಇದು ಅಸಲಿ. ನನ್ನ ಪಿಸ್ತೂಲಿನ ಜೋಡಿನೇ ಇದು."

ಡೆನ್ನಿ ಏನೋ ಹೇಳಲು ಬಾಯಿ ತೆರೆದ. ಲೋವೆಲ್ ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ದೇವರು ಅವನನ್ನು ಹಾಗೆ ಮಾಡಿರಲಿಲ್ಲ.

"ತಳದ ಮೂಲೆ ಒಡೆದಿತ್ತು. ಯಾರೋ ಅಂಟು ಹಾಕಿದ್ದಾರೆ. ಅಂಟು ಜಾಸ್ತಿಯಾಗಿದೆ."

"ಡೆಲ್ಮರ್ ಹಾಕಿದ್ದು," ಎಂದಳು ಆರ್ಡಿತ್.

"ಗೊತ್ತಾಯ್ತು. ಅವನ ಕೈಗೆ ಅಂಟಿನ ಡಬ್ಬಿ ಸಿಕ್ರೆ ಅಷ್ಟೇ," ಎಂದ ಲೋವೆಲ್. ಆಗ ಮೈಕು ಅವನ ಕೈಯಲ್ಲಿ ಕೆಳಗಿತ್ತು.

ಬಾಯಲ್ಲಿ ತುಂಬಿಟ್ಟುಕೊಂಡಿದ್ದ ಮಾತನ್ನು ಆರ್ಡಿತ್ ಕಾಫಿಯ ಜೊತೆ ನುಂಗಿದಳು. ಮನುಷ್ಯ ನಿಜ ಹೇಳಿ ಅವಳ ಗಂಡನನ್ನು ಕುಗ್ಗಿಸಿದ್ದ. ಈಗ ನಿಜವನ್ನೇ ಹೇಳಿ ಅವಳ ಕೈಯ ಗುಂಡನ್ನೂ ತೆಗೆದುಬಿಟ್ಟ. ಇಂಥವನ ಮೇಲೆ ನೆಟ್ಟಗೆ ಸಿಟ್ಟು ಮಾಡುವುದೂ ಕಷ್ಟ. ಆದರೂ ಅವಳು ಕೈಲಾದಷ್ಟು ಮಾಡಿದಳು.

ಲೋವೆಲ್ ಮ್ಯಾಗಜಿನನ್ನು ಅವಳ ಮೇಜಿಗೆ ತಂದು, ಸಂಖ್ಯೆ ತನ್ನ ಕುರ್ಚಿಗೆ ಮುಖ ಮಾಡುವಂತೆ, ಮೊದಲಿದ್ದ ಹಾಗೆಯೇ ಇಟ್ಟ.

"ಒಂದ್ಸಲ ಹಾಕಿ ನೋಡ್ಲಾ? ಕೂರೋ ಸದ್ದು ಕೇಳ್ಬೇಕು. ಕೇಳಿ ವಾಪಸ್ ಕೊಡ್ತೀನಿ."

"ಬೇಡ."

"ಯಾವತ್ತೂನಾ?"

"ಮುಂದಿನ ವರ್ಷ ಕೇಳು. ಆಗ್ಲೂ ಬೇಡ ಅಂತೀನಿ."

ಲೋವೆಲ್ ತಲೆಯಾಡಿಸಿ ತನ್ನ ಕುರ್ಚಿಗೆ ಹೋದ. ಅವಳು ಫ್ಲಾಸ್ಕಿನ ಇನ್ನೊಂದು ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಅವನತ್ತ ನೋಡದೆ, ತನ್ನ ಮೇಜಿನ ಅಂಚಿನಲ್ಲಿಟ್ಟಳು. ಗಡಿಯ ಈಚೆಗೇ.

ಲೋವೆಲ್‌ನ ಲೂಗರಿಗೆ ಆ ವರ್ಷವೂ ಎರಡನೇ ಬಹುಮಾನ ಬಂತು. ಆರ್ಡಿತಳ ಮೇಜು ಇದ್ದಲ್ಲೇ ಉಳಿಯಿತು.